ಕನ್ನಡಿಯ ಮುಂದೆ ಮೂರು ವಾರ

ದುಧನಿ ಬಜಾರದಲ್ಲಿ ಮಾಲಿನ ಗುಣ ತಿಳಿಯುವುದು ಮುಷ್ಟಿಯಲ್ಲಿ ಹಿಡಿದ ತೊಗರಿಯಿಂದ. ವ್ಯಾಪಾರಿಯ ಗುಣ ತಿಳಿಯುವುದು ಅವನ ಮಾರಿ ನೋಡಿ. ಇಪ್ಪತ್ತೆರಡು ವರ್ಷ ಅಡತಿ ಅಂಗಡಿಯ ಗಾದಿ ಮೇಲೆ ಕುಳಿತ ನನಗೆ ಆ ಮಾರಿಯೇ ಕೈಕೊಟ್ಟಿದ್ದು 2022ರ ನವೆಂಬರಿನಲ್ಲಿ.

ಸಂಜೆ ಅಂಗಡಿ ಮುಚ್ಚಿ ಮೋಟಾರ್‌ಸೈಕಲ್ ಮೇಲೆ ಊರಿಗೆ ಹೊರಟಿದ್ದೆ. ಎದುರಿಗಿದ್ದ ಕಬ್ಬಿನ ಟ್ರಾಲಿಗೆ ಹಿಂದೆ ದೀಪ ಇರಲಿಲ್ಲ. ನನ್ನ ತಲೆಗೆ ಹೆಲ್ಮೆಟ್ ಇರಲಿಲ್ಲ. ಎಡಗೆನ್ನೆಯ ಎಲುಬು ಮುರಿದು ಒಳಗೆ ಕುಸಿಯಿತು. ಸೊಲ್ಲಾಪುರದ ದವಾಖಾನೆಯಲ್ಲಿ ಆರನೇ ದಿನ ಆಪರೇಶನ್ ಆಯಿತು. ಹುಬ್ಬಿನ ಅಂಚಿನಲ್ಲಿ ಒಂದು ಕಡೆ, ಬಾಯೊಳಗೆ ಮೇಲಿನ ತುಟಿಯ ಹಿಂದೆ ಒಂದು ಕಡೆ ಕೊಯ್ದು, ಎಲುಬು ಎತ್ತಿ ಜಾಗಕ್ಕೆ ಕೂಡಿಸಿ, ಟೈಟಾನಿಯಂ ಪಟ್ಟಿ ಎರಡು, ಸ್ಕ್ರೂ ಎಂಟು ಹಾಕಿದರು.

ಮೂರನೇ ದಿನ ಕನ್ನಡಿ ನೋಡಿದೆ. ಬಲಗಡೆ ನಾನು, ಎಡಗಡೆ ಕುಂಬಳಕಾಯಿ! ಕಣ್ಣು ಅರ್ಧ ಮುಚ್ಚಿತ್ತು, ನಕ್ಕರೆ ಬಾಯಿ ಒಂದು ಕಡೆ ಹೋಗುತ್ತಿತ್ತು. ಮಗಳ ನಿಶ್ಚಿತಾರ್ಥಕ್ಕೆ ಉಳಿದಿದ್ದು ಐದೇ ವಾರ. ಬೀಗರೆದುರು ಹೇಗೆ ಕುಳಿತುಕೊಳ್ಳಲಿ?

ಮೇಲೆ ಇನ್ನೊಂದು ಸಂಕಟ. ಡಾಕ್ಟರು ಮರಾಠಿಯಲ್ಲಿ, ‘ಗಾಲ ಕಾಹೀ ಮಹಿನೇ ಬಧಿರ ರಾಹೀಲ’ ಅಂದರು. ವ್ಯವಹಾರದ ಮರಾಠಿ ನನಗೆ ಬಾಯಿಪಾಠ. ದವಾಖಾನೆಯ ಮರಾಠಿ ಅಲ್ಲ. ಕನ್ನಡ ಶಾಲೆಯಲ್ಲಿ ಕಲಿತವನಿಗೆ ಬಧಿರ ಅಂದರೆ ಕಿವುಡ. ಕಿವಿಯೂ ಹೋಯಿತೆಂದು ಒಂದು ರಾತ್ರಿ ನಿದ್ದೆಗೆಟ್ಟೆ. ಮರುದಿನ ನರ್ಸಬಾಯಿ ನಕ್ಕು ಬಿಡಿಸಿ ಹೇಳಿದರು: ಕೆನ್ನೆಗೆ, ತುಟಿಗೆ ಸ್ಪರ್ಶಜ್ಞಾನ ಕೊಡುವ ನರಕ್ಕೆ ಪೆಟ್ಟು ಬಿದ್ದಿದೆ, ಕೆಲವು ತಿಂಗಳು ಜೋಮು ಇರುತ್ತದೆ, ಅಷ್ಟೇ.

ಮನೆಗೆ ಬಂದ ಮೇಲೆ ನೋಡಲು ಬಂದವರ ಮಾತು ಶುರುವಾದವು. ‘ಮಳಿಗಾಲದಾಗ ಜಂಗ್ ಹಿಡೀತದ, ತಗಸಿಬಿಡ್ರಿ’ ಅಂದರು ಒಬ್ಬರು. ಟೈಟಾನಿಯಂಗೆ ಜಂಗು ಹಿಡಿಯುವುದಿಲ್ಲ. ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವಿಜ್ಞಾನಿ 1950ರ ದಶಕದಲ್ಲಿ ಮೊಲದ ಎಲುಬಿಗೆ ಪರೀಕ್ಷೆಗಾಗಿ ಕೂಡಿಸಿದ ಟೈಟಾನಿಯಂ ಎಲುಬಿಗೇ ಬೆಸೆದುಕೊಂಡಿತ್ತು. 1965ರಲ್ಲಿ ಅವರು ಅದನ್ನು ಮನುಷ್ಯನ ದವಡೆಗೆ ಹಾಕಿದರು. ತೊಂದರೆ ಕೊಡದಿದ್ದರೆ ಇಂಥ ಪಟ್ಟಿಯನ್ನು ಸಾಮಾನ್ಯವಾಗಿ ತೆಗೆಯುವುದೇ ಇಲ್ಲ. ಇದೆಲ್ಲ ನನಗೆ ತಿಳಿದಿದ್ದು ಆಮೇಲೆ. ಆಗ ಮಾತ್ರ ದಿನಾ ಬೆಳಿಗ್ಗೆ ದಾರ ಹಿಡಿದು ಎರಡೂ ಕೆನ್ನೆ ಅಳೆಯುತ್ತಿದ್ದೆ.

ಅವ್ವ ಒಂದು ದಿನ ನೋಡಿ ಗದರಿದಳು: ‘ಬಿತ್ತಿದ ಜ್ವಾಳ ದಿನಾ ಕೆದರಿ ನೋಡಿದರ ಮೊಳಕಿ ಬರ್ತದೇನೋ?’

ಹನ್ನೆರಡನೇ ದಿನ ಎಡಗೆನ್ನೆ ಕೆಳಗೆ ಇಳಿದಂತೆ ಕಂಡಿತು. ‘ಬಿಚ್ಚಿ ಮತ್ತ ಕೂಡಸ್ರಿ’ ಅನ್ನಲೆಂದೇ ಸೊಲ್ಲಾಪುರಕ್ಕೆ ಹೋದೆ. ಡಾಕ್ಟರು ಕೆನ್ನೆ ನೋಡುವ ಮೊದಲು ಬಾಯಿ ತೆರೆಸಿದರು. ‘ತಂಬಾಕು ಹಾಕ್ತೀರೇನು?’

ಸುಳ್ಳು ಹೇಳಲಾಗಲಿಲ್ಲ. ಆಪರೇಶನ್ ಎಡಗಡೆ, ತಂಬಾಕು-ಸುಣ್ಣ ಬಲಗಡೆ ಎಂದು ನನ್ನ ಮನಸ್ಸಿಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಒಳಗಿನ ಹೊಲಿಗೆ ಒಂದು ಕಡೆ ಬಿಚ್ಚಿತ್ತು. ಎರಡು ದಿನದಿಂದ ಬಾಯಿ ವಾಸನೆ ಬರುತ್ತಿದ್ದರೂ ಯಾರಿಗೂ ಹೇಳಿರಲಿಲ್ಲ.

ಅವರು ಸ್ಕ್ಯಾನ್ ಫೋಟೋ ಬೆಳಕಿಗೆ ಹಿಡಿದರು. ಎಲುಬು ಸರಿಯಾಗಿ ಕೂತಿತ್ತು. ಅದನ್ನು ಹೇಳುವುದು ಸ್ಕ್ಯಾನ್, ಕನ್ನಡಿ ಅಲ್ಲ ಅಂದರು. ಬಾವು ಎರಡು ಮೂರು ದಿನ ಏರುತ್ತದೆ, ಎರಡು ಮೂರು ವಾರದಲ್ಲಿ ಬಹುಪಾಲು ಇಳಿಯುತ್ತದೆ, ಉಳಿದಿದ್ದಕ್ಕೆ ತಿಂಗಳುಗಳು ಬೇಕು. ಇಳಿಯುವಾಗ ಎರಡೂ ಕಡೆ ಒಂದೇ ಸಮ ಕಾಣುವುದಿಲ್ಲ. ‘ಅದು ತಾನೇ ಹೋಗುತ್ತದೆ. ಈ ಗಾಯ ತಾನೇ ಹೋಗುವುದಿಲ್ಲ. ಕೀವು ಪಟ್ಟಿಗೆ ಮುಟ್ಟಿದರೆ ಪಟ್ಟಿಯನ್ನೇ ತೆಗೆಯಬೇಕಾದೀತು.’

ನನಗೆ ಬೆವರು ಬಂತು. ಕಾಯಬೇಕಾದದ್ದಕ್ಕೆ ಅವಸರ ಮಾಡಿದ್ದೆ. ಅವಸರ ಮಾಡಬೇಕಾದದ್ದನ್ನು ಮುಚ್ಚಿಟ್ಟಿದ್ದೆ. ಅವ್ವನ ಮಾತು ಖರೆ, ಮೊಳಕೆ ಕೆದರಬಾರದು. ಆದರೆ ಹುಳ ಬಿದ್ದ ಬೆಳೆಯ ಮುಂದೆ ರೈತ ಕೈಕಟ್ಟಿ ಕೂಡುವುದಿಲ್ಲ.

ಇಂಥ ಆಪರೇಶನ್ ಆದವರು ನಮ್ಮ ಕಡೆ ಈಗ ಬಹಳ ಮಂದಿ. ಅವರಿಗೆ ನನ್ನ ಮಾತು ಇಷ್ಟೇ. ಬಾವು, ಕಪ್ಪುನೀಲಿ ಕಲೆ, ಜೋಮು—ಇವುಗಳಿಗೆ ತಾಳ್ಮೆ ಇರಲಿ. ತಲೆದಿಂಬು ಎತ್ತರ ಇಟ್ಟು ಮಲಗಿರಿ. ಡಾಕ್ಟರು ಒಪ್ಪುವ ತನಕ ಮೂಗು ಜೋರಾಗಿ ಸೀಯಬೇಡಿ. ಗಾಳಿ ಕಣ್ಣಿನ ಕೆಳಗೆ ನುಗ್ಗುತ್ತದೆ. ದೃಷ್ಟಿ ಮಂಜಾದರೆ, ಕಣ್ಣು ಉಬ್ಬಿ ನೋವು ಏರಿದರೆ ಅದೇ ಗಳಿಗೆ ಓಡಿರಿ. ಜ್ವರ, ಕೀವು, ಇಳಿದ ಬಾವು ಮತ್ತೆ ಏರುವುದು, ಒಂದು ವಸ್ತು ಎರಡಾಗಿ ಕಾಣುವುದು—ಅದೇ ದಿನ ಹೇಳಿರಿ.

ಔಷಧಿ, ಉಪ್ಪುನೀರಿನ ಮುಕ್ಕಳಿಕೆಯಿಂದ ಗಾಯ ಕೂಡಿತು. ತಂಬಾಕಿನ ಡಬ್ಬಿ ಮನಿಯಾಕಿ ಒಲೆಗೆ ಹಾಕಿದಳು. ನಿಶ್ಚಿತಾರ್ಥದ ಫೋಟೋದಲ್ಲಿ ನನ್ನ ಎಡಗೆನ್ನೆ ತುಸು ದಪ್ಪ ಕಾಣುತ್ತದೆ. ಬೀಗರು ಕೇಳಿದ್ದು ತೊಗರಿಯ ಧಾರಣೆ ಮಾತ್ರ.

2023ರ ಆಗಸ್ಟಿನ ಒಂದು ಬೆಳಿಗ್ಗೆ ದಾಡಿ ಮಾಡಿಕೊಂಡು ಮುಖ ತೊಳೆಯುತ್ತಿದ್ದೆ. ಎಡದುಟಿಯ ಮೇಲೆ ನೀರು ತಣ್ಣಗೆ ಹತ್ತಿತು. ಎಂಟು ತಿಂಗಳ ಮೇಲೆ ಮೊದಲ ಸಲ! ‘ಏ, ಇಲ್ಲಿ ಬಾ, ನೀರು ತಣ್ಣಗದ!’ ಎಂದು ಕೂಗಿದೆ.

ಒಳಗಿಂದ ಮನಿಯಾಕಿ ಅಂದಳು: ‘ಶ್ರಾವಣದಾಗ ಮತ್ತ ಬಿಸಿ ಇರ್ತದೇನ್ರಿ?’