ಹುಟ್ಟು ಹಾಕದವನಿಗೂ ಪದಕವೇ?

ಪ್ರಶ್ನೆ: ರೋಯಿಂಗ್ ದೋಣಿಯ ಕೊನೆಯಲ್ಲಿ ಒಬ್ಬ ಸುಮ್ಮನೆ ಕೂತು ಕೂಗುತ್ತಿರುತ್ತಾನಲ್ಲ, ಅವನಿಗೂ ಪದಕ ಕೊಡುತ್ತಾರಾ?
– ಓದುಗರೊಬ್ಬರು, ರಿಚರ್ಡ್ಸ್ ಟೌನ್

ಉತ್ತರ: ಕೊಡುತ್ತಾರೆ. ಆದರೆ ‘ಸುಮ್ಮನೆ’ ಅನ್ನಬೇಡಿ ಸ್ವಾಮಿ! ಅವನೇ ಕಾಕ್ಸ್. ನಿಮ್ಮ ಪಕ್ಕದ ಹಲಸೂರು ಕೆರೆಯಲ್ಲಿ ಹುಟ್ಟು ಹಾಕಿ ನೋಡಿ, ಹೋಗುವ ದಿಕ್ಕಿಗೆ ಬೆನ್ನು ಮಾಡಿಯೇ ಕೂರಬೇಕು. ಎಂಟು ಜನರ ದೋಣಿಯಲ್ಲಿ ಮುಂದಿನದು ಕಾಣುವುದು ಕಾಕ್ಸ್ ಒಬ್ಬನಿಗೇ. ಚುಕ್ಕಾಣಿ ಅವನದು, ಎಂಟು ಹುಟ್ಟುಗಳ ತಾಳವೂ ಅವನದು. 2023ರ ಸೆಪ್ಟೆಂಬರಿನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದ ಭಾರತದ ದೋಣಿಗೆ ಧನಂಜಯ ಉತ್ತಮ್ ಪಾಂಡೆ ಕಾಕ್ಸ್. 2000 ಮೀಟರಿಗೆ 5 ನಿಮಿಷ 43.01 ಸೆಕೆಂಡು; ಚಿನ್ನ ಗೆದ್ದ ಚೀನಾ 3 ಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ ಮುಂದಿತ್ತು. ಕಾಕ್ಸ್ 55 ಕೆ.ಜಿ.ಗಿಂತ ಹಗುರವಿದ್ದರೆ ಕೊರತೆ ತುಂಬಲು ದೋಣಿಯಲ್ಲಿ ಭಾರ ಇಟ್ಟುಕೊಳ್ಳಬೇಕು. ಗೆದ್ದ ಮೇಲೆ? ಅವನನ್ನೇ ಎತ್ತಿ ನೀರಿಗೆ ಎಸೆಯುವುದು ಈ ಆಟದ ಹಳೇ ವಾಡಿಕೆ.