ಕರಿಹೊಗೆಯಾಗಿ ಹೋಗುವ ಡೀಸೆಲ್

ಏರುದಾರಿಯಲ್ಲಿ ಏದುಸಿರು ಬಿಡುವ ಹಳೆಯ ಲಾರಿಯ ಹಿಂದೆ ನೀವು ಎಂದಾದರೂ ಸಿಕ್ಕಿಕೊಂಡಿರಬೇಕು. ಆ ಕರಿಹೊಗೆ ಏನೆಂದು ಯೋಚಿಸಿದ್ದೀರಾ? ಪೂರ್ತಿ ಉರಿಯದೆ ಹೊರಬಿದ್ದ ಇಂಗಾಲದ ಮಸಿ ಅದು. ದುಡ್ಡು ಕೊಟ್ಟು ಹಾಕಿಸಿದ ಡೀಸೆಲ್‌ನ ಒಂದಂಶ ಕೆಲಸ ಮಾಡದೆಯೇ ಹೊರಟುಹೋಯಿತು ಎಂದರ್ಥ.

ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಬಲವಾಗಿ ಒತ್ತಿದ ಗಾಳಿ ಕಾದು, ಅದರೊಳಕ್ಕೆ ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುವಾಗ ಈ ಸಿಂಪಡಣೆಗೆ ಸಿಗುವ ಕಾಲ ಸೆಕೆಂಡಿನ ಸಾವಿರದಲ್ಲಿ ಒಂದೆರಡು ಪಾಲು ಮಾತ್ರ. ಬೆಲ್ಲದ ಅಚ್ಚಿಗಿಂತ ಪುಡಿಬೆಲ್ಲ ಬೇಗ ಕರಗುತ್ತದಲ್ಲವೆ? ಇಲ್ಲಿಯೂ ಅದೇ ಲೆಕ್ಕ. ಒಂದು ಹನಿಯನ್ನು ಹತ್ತನೇ ಒಂದರಷ್ಟು ವ್ಯಾಸದ 1000 ಹನಿಗಳಾಗಿ ಒಡೆದರೆ, ಡೀಸೆಲ್ ಅಷ್ಟೇ ಇದ್ದರೂ ಗಾಳಿಗೆ ತೆರೆದ ಮೈ ಹತ್ತು ಪಟ್ಟಾಗುತ್ತದೆ.

ನಮ್ಮ ಚಿತ್ರೀಕರಣಕ್ಕಾಗಿ ಮೆಕ್ಯಾನಿಕ್ ಒಬ್ಬರು ಎರಡು ನಾಝಲ್‌ಗಳನ್ನು ಪರೀಕ್ಷಿಸಿ ತೋರಿಸಿದರು. ಒಂದರಿಂದ ಬೆಳ್ಳನೆಯ ಮಂಜು. ಸವೆದ ಇನ್ನೊಂದರಿಂದ ತೊಟತೊಟ ಹನಿ. ಮಂಜಿಗೆ ನಾನು ಕೈಯೊಡ್ಡಲು ಹೋದಾಗ ಅವರು ಗದರಿದರು. ಅದು ಚರ್ಮವನ್ನೇ ತೂರಿ ಒಳಹೋಗಬಲ್ಲದಂತೆ!

ಹನಿ ಸಣ್ಣದಾಗಲು ಒತ್ತಡ ಬೇಕು. ಬಾಷ್ ಕಂಪನಿ 1927ರಲ್ಲಿ ತಯಾರಿಕೆಗೆ ತಂದ ಬಗೆಯ ಪಂಪುಗಳು ದಶಕಗಳ ಕಾಲ ಲಾರಿಗಳನ್ನು ಓಡಿಸಿದವು. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆಯಲ್ಲೂ ಅಂಥವು ತಯಾರಾದವು. ಆದರೆ ಪಂಪನ್ನು ತಿರುಗಿಸುವುದು ಎಂಜಿನ್ನೇ. ಎಂಜಿನ್ ನಿಧಾನವಾದರೆ ಒತ್ತಡ ಇಳಿದು ಹನಿ ದಪ್ಪವಾಗುತ್ತದೆ. ಏರಿನಲ್ಲಿ ಹೊಗೆ ಹೆಚ್ಚಲು ಇದೂ ಒಂದು ಕಾರಣ.

1997ರಲ್ಲಿ ಇಟಲಿಯ ಆಲ್ಫಾ ರೋಮಿಯೋ 156 ಕಾರಿಗೆ ಬಂದ ‘ಕಾಮನ್ ರೈಲ್’ ಈ ತೊಡಕನ್ನು ಬಿಡಿಸಿತು. ಮನೆಯ ಮೇಲಿನ ನೀರಿನ ಟ್ಯಾಂಕನ್ನು ನೆನೆಯಿರಿ: ಮೋಟಾರು ನಿಂತಿದ್ದರೂ ನಲ್ಲಿ ತಿರುಗಿಸಿದರೆ ನೀರು. ಹಾಗೆಯೇ ದಪ್ಪ ಉಕ್ಕಿನ ಕೊಳವೆಯೊಂದರಲ್ಲಿ ಒತ್ತಡ ತುಂಬಿದ ಡೀಸೆಲ್ ಸದಾ ಸಿದ್ಧ. ನಲ್ಲಿ ತೆರೆದು ಮುಚ್ಚುವುದು ಪುಟ್ಟ ಕಂಪ್ಯೂಟರಿನ ಕೆಲಸ. ಆಗ 1350 ಬಾರ್ ಇದ್ದ ಒತ್ತಡ ಈಗ 2000 ದಾಟಿದೆ. ಮೊದಲು ತೊಟ್ಟಿನಷ್ಟು, ಬಳಿಕ ಉಳಿದದ್ದು, ಹೀಗೆ ಕಂತಿನಲ್ಲಿ ಕೊಡುವುದರಿಂದ ಎಂಜಿನ್ನಿನ ಬಡಿತದ ಸದ್ದೂ ತಗ್ಗಿದೆ.

ಇಷ್ಟಕ್ಕೇ ಮುಗಿಯಲಿಲ್ಲ. ಚೆನ್ನಾಗಿ ಉರಿದಷ್ಟೂ ಒಳಗಿನ ಬಿಸಿ ಏರಿ, ನೈಟ್ರೋಜನ್ ಆಕ್ಸೈಡ್‌ಗಳು ಹೆಚ್ಚುತ್ತವೆ. ಮಸಿಯಂತೆ ಕಣ್ಣಿಗೆ ಬೀಳದಿದ್ದರೂ ಶ್ವಾಸಕೋಶಕ್ಕೆ ಇವು ಕೇಡು. ನಮ್ಮಲ್ಲಿ 2020ರ ಏಪ್ರಿಲ್‌ನಿಂದ ಬಿ.ಎಸ್. 6 ನಿಯಮ ಬಂದ ಮೇಲೆ, ಹೊಸ ಲಾರಿಗಳ ಹೊಗೆಕೊಳವೆಯೊಳಕ್ಕೆ ಯೂರಿಯಾ ದ್ರಾವಣ ಸಿಂಪಡಿಸಿ ಇವುಗಳನ್ನು ಮುರಿಯುತ್ತಾರೆ. ಡೀಸೆಲ್ ಟ್ಯಾಂಕಿನ ಪಕ್ಕದಲ್ಲಿ ನೀಲಿ ಮುಚ್ಚಳದ ಚಿಕ್ಕ ಟ್ಯಾಂಕ್ ಕಂಡರೆ, ಅದು ಇದಕ್ಕೇ.