ಬೂಷ್ಟು ಹಿಡಿದ ಜೋಳಕ್ಕೆ ಎರಡು ಚಿತ್ರ

ಅರಸೀಕೆರೆ, ಬೇಲೂರು, ಹಳೇಬೀಡು ಕಡೆಯ ಮುಸುಕಿನ ಜೋಳಕ್ಕೆ ಕೊಯ್ಲಿನ ಹೊತ್ತಿನಲ್ಲಿ ಮಳೆ ಹಿಡಿದರೆ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಉಂಟಾಗಬಹುದು. ಅಂಥ ಜೋಳ ತಿಂದ ಹಸುವಿನ ಹಾಲಿಗೂ ಅದು ಇಳಿಯುತ್ತದೆ.

ಕಾಳನ್ನು ತರಿತರಿಯಾಗಿ ಒಡೆದು, ಕತ್ತಲೆ ಕೋಣೆಯಲ್ಲಿ 365 ನ್ಯಾನೋಮೀಟರಿನ ನೇರಳಾತೀತ ದೀಪ ಹಿಡಿಯಿರಿ. ಬೂಷ್ಟು ತಗಲಿದ ಚೂರುಗಳು ಹಸಿರು ಮಿಶ್ರಿತ ಹಳದಿಯಾಗಿ ಹೊಳೆಯುತ್ತವೆ. ಇದೇ ಪ್ರತಿದೀಪ್ತಿ. ದೀಪವನ್ನು ನೇರವಾಗಿ ನೋಡಬಾರದು.

ಈ ಹೊಳಪು ಬಹಳ ಮಂದ. ಹಗಲಿನ ಚಿತ್ರಕ್ಕೆ ಸಾಕಾಗುವ ಎಕ್ಸ್‌ಪೋಷರ್ ಇದಕ್ಕೆ ಸಾಲದು. ಇದಕ್ಕೆ ಬೇಕಾದಷ್ಟು ಹೊತ್ತು ಹಗಲಿನಲ್ಲಿ ಕೊಟ್ಟರೆ ಚಿತ್ರವೆಲ್ಲ ಬೆಳ್ಳಗಾಗುತ್ತದೆ. ಆದ್ದರಿಂದ ಕ್ಯಾಮರಾ ಅಥವಾ ಮೊಬೈಲನ್ನು ಸ್ಟ್ಯಾಂಡಿಗೆ ಬಿಗಿದು, ಕಾಳನ್ನು ಕದಲಿಸದೆ ಎರಡು ಚಿತ್ರ ತೆಗೆಯಿರಿ. ಮೊದಲನೆಯದು ಸಾಧಾರಣ ಬೆಳಕಿನಲ್ಲಿ. ಎರಡನೆಯದು ಕತ್ತಲೆಯಲ್ಲಿ, ಲೆನ್ಸಿನ ಮುಂದೆ ಹಳದಿ ಫಿಲ್ಟರ್ ಇಟ್ಟು, 1 ಸೆಕೆಂಡಿನಿಂದ ಆರಂಭಿಸಿ 2, 4 ಸೆಕೆಂಡು ಹೀಗೆ ಹೆಚ್ಚಿಸಿ. ಪಕ್ಕದಲ್ಲಿ ಒಳ್ಳೆಯ ಕಾಳೂ ಇರಲಿ. ಅದೂ ಬೆಳಗತೊಡಗಿದರೆ ಎಕ್ಸ್‌ಪೋಷರ್ ಹೆಚ್ಚಾಯಿತೆಂದು ತಿಳಿಯಿರಿ. ಆಟೋಮ್ಯಾಟಿಕ್ ವ್ಯವಸ್ಥೆಯನ್ನು ನಂಬಬೇಡಿ.

ಹೊಳೆಯುವುದು ವಿಷವಲ್ಲ, ಬೂಷ್ಟಿನ ಗುರುತು ಮಾತ್ರ. ಹೊಳೆಯದ ಕಾಳೆಲ್ಲ ನಿರಪಾಯವೂ ಅಲ್ಲ. ಸಂಶಯ ಬಂದರೆ ರಾಸಿಗೆ ಹಾಕದೆ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿ. ಎಲ್ಲಕ್ಕಿಂತ ಮೊದಲು, ಜೋಳವನ್ನು ಶೇಕಡ 12ರ ತೇವಾಂಶಕ್ಕೆ ಒಣಗಿಸಿಯೇ ಚೀಲ ತುಂಬಿರಿ.